ಸೈಲೆನ್ಸರ್ ಬದಲಿಸಿ ಜೆಟ್ ಮುಟ್ಟದಿದ್ದರೆ ವಾಲ್ವ್ ಸುಡುತ್ತೆ

ಮಂಡ್ಯ ಕಡೆಯ 150 ಸಿಸಿ ಕಾರ್ಬೊರೇಟರ್ ಬೈಕೊಂದಕ್ಕೆ ಹಾಕಿಸಿದ್ದು ಎರಡೇ ಐಟಂ: 2,200 ರೂಪಾಯಿಯ ಫ್ರೀ ಫ್ಲೋ (ಹೊಗೆಗೆ ತಡೆ ಕಡಿಮೆ ಇರುವ) ಸೈಲೆನ್ಸರ್, 450ರ ಕೋನ್ ಏರ್ ಫಿಲ್ಟರ್. ಸದ್ದೇನೋ ಊರಿಗೆಲ್ಲ ಕೇಳಿತು. ನಾಲ್ಕು ತಿಂಗಳಿಗೆ ಐಡಲ್ ನಿಲ್ಲದಾಯಿತು, ಚಾಮುಂಡಿ ಬೆಟ್ಟದ ಏರಿನಲ್ಲಿ ಡಬಲ್ಸ್ ಹೋದರೆ ಎರಡನೇ ಗೇರಿನಲ್ಲೂ ಏದುಸಿರು. ಹೆಡ್ ಬಿಚ್ಚಿದರೆ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ಹಾಗಿತ್ತು. ಪ್ಲಗ್ ತುದಿ ಸುಣ್ಣ ಬಳಿದಷ್ಟು ಬೆಳ್ಳಗೆ. ವಾಲ್ವ್, ಸೀಟ್ ಕಟಿಂಗ್, ಬೋರ್ ಪಿಸ್ಟನ್, ಕೂಲಿ ಸೇರಿ ಬಿಲ್ 9,400.

ಆಗಿದ್ದು ಇಷ್ಟೇ. ಎರಡೂ ಕಡೆ ತಡೆ ತೆಗೆದ ಮೇಲೆ ಗಾಳಿ ಜಾಸ್ತಿ ನುಗ್ಗುತ್ತೆ, ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ಟಿನ ತೂತು ಮಾತ್ರ ಹಳೆಯದೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಸಾಕು. ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಕೇಳುವುದು ಇನ್ನೂ ಗಟ್ಟಿ ಮಿಶ್ರಣ, ಗ್ರಾಂ ಪೆಟ್ರೋಲಿಗೆ 13 ಗ್ರಾಂ ಗಾಳಿಯ ಆಸುಪಾಸು. ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತೆ, ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿ ಆರಿರುವುದಿಲ್ಲ. ವಾಲ್ವ್ ತಣ್ಣಗಾಗುವುದು ಹೆಚ್ಚಾಗಿ ಸೀಟಿನ ಮೇಲೆ ಕೂತಾಗ. ಟ್ಯಾಪೆಟ್ (ವಾಲ್ವ್ ಒತ್ತುವ ಕಡೆ ಬಿಡುವ ಸಣ್ಣ ಸಂದು) ಬಿಗಿಯಾಗಿದ್ದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ. ಲೂಸ್ ಟ್ಯಾಪೆಟ್ ಟಕಟಕ ಅಂದರೆ ಎಲ್ಲರೂ ಗ್ಯಾರೇಜಿಗೆ ಓಡುತ್ತಾರೆ. ಬಿಗಿ ಟ್ಯಾಪೆಟ್ ಸದ್ದೇ ಮಾಡಲ್ಲ, ಕೇಳೋರೂ ಇರಲ್ಲ.

ಬೋರ್ ಹೋಗಿದ್ದು ಕೋನ್ ಫಿಲ್ಟರ್‌ನಿಂದ. ನಾಲೆ ಏರಿ ಮೇಲೆ, ಕಬ್ಬಿನ ಗಾಡಿಗಳ ಹಿಂದೆ ಓಡುವ ಬೈಕಿಗೆ ಅಗ್ಗದ ಜಾಲರಿ ಫಿಲ್ಟರ್ ಅಂದರೆ ಸಿಲಿಂಡರಿಗೆ ಮರಳು ಕಾಗದ ಹಾಕಿದ ಹಾಗೆ. ಕಂಪನಿಯ ಏರ್ ಬಾಕ್ಸ್ (ಫಿಲ್ಟರ್ ಇರುವ ಡಬ್ಬ) ತೆಗೆಯಲೇಬೇಡಿ.

ಸೈಲೆನ್ಸರ್ ಹಾಕಿಸಿಯೇ ತೀರುತ್ತೇನೆ ಅನ್ನುವವರು ಸದ್ದು ತಗ್ಗಿಸಲು ಅದರ ತುದಿಯಲ್ಲಿರುವ ಡಿಬಿ ಕಿಲ್ಲರ್ ಬಿಚ್ಚಬೇಡಿ. ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಕಡೆ ಹೊಸ ಗ್ಯಾಸ್ಕೆಟ್ ಹಾಕಿಸಿ; ಅಲ್ಲಿ ಗಾಳಿ ಎಳೆದರೆ ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿಯುತ್ತೆ, ಜನ ಅದನ್ನೇ ರೇಸಿಂಗ್ ಸೌಂಡ್ ಅಂದುಕೊಳ್ತಾರೆ. ಜೆಟ್ ಮೇಲೆ ನಂಬರ್ ಇರುತ್ತೆ, ಒಂದೊಂದೇ ಸೈಜ್ ಮೇಲಕ್ಕೆ ಹೋಗಿ. ಸೂಜಿ ತೂರಿಸಿ ತೂತು ಅಗಲ ಮಾಡುವ ಮೆಕ್ಯಾನಿಕ್ ಸಿಕ್ಕರೆ ಬೈಕ್ ವಾಪಸ್ ತನ್ನಿ. ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಥ್ರಾಟಲ್ ಪೂರ್ತಿ ಕೊಟ್ಟು, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ನಿಲ್ಲಿಸಿ ಪ್ಲಗ್ ಬಿಚ್ಚಿ. ಬಿಸ್ಕತ್ತಿನ ಬಣ್ಣ ಬಂದರೆ ಸರಿ. ಬೆಳ್ಳಗಿದ್ದರೆ ಇನ್ನೊಂದು ಸೈಜ್ ಮೇಲೆ, ಮಸಿ ಹಿಡಿದಿದ್ದರೆ ಕೆಳಗೆ.

ಬಿಎಸ್6 (ಈಗಿನ ಹೊಗೆ ನಿಯಮದ) ಬೈಕುಗಳಲ್ಲಿ ಈ ಆಟ ನಡೆಯಲ್ಲ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಕ್ಸಾಸ್ಟ್ ಒಳಗೇ ಇರುತ್ತೆ, ಸೆಟ್ ಪೂರ್ತಿ ಬದಲಿಸಿದರೆ ಅದೂ ಹೋಯಿತು. ಆಕ್ಸಿಜನ್ ಸೆನ್ಸರ್ ನಿಧಾನ ಓಟದಲ್ಲಿ ಮಿಶ್ರಣ ಸರಿಮಾಡೀತು, ಫುಲ್ ಥ್ರಾಟಲ್‌ನಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತನ್ನ ಹಳೆ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತೆ.

ಇನ್ನು ಪೊಲೀಸರು. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಶಬ್ದ, ಹೊಗೆ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ನಿಜವಾಗಿ ಬೇಕಿರುವುದು ಪಿಕಪ್ ಆದರೆ ಮೊದಲು ಕಾರ್ಬೊರೇಟರ್ ಕ್ಲೀನ್, ಹೊಸ ಪ್ಲಗ್, ತಣ್ಣಗಿರುವ ಎಂಜಿನ್‌ನಲ್ಲಿ ಫೀಲರ್ ಗೇಜ್ ಹಿಡಿದು ಟ್ಯಾಪೆಟ್. ಆಮೇಲೂ ಸಾಲದಿದ್ದರೆ ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮೆ: 15 ಇದ್ದದ್ದು 14 ಆದರೆ ಎಳೆತ ಶೇ 7ರಷ್ಟು ಹೆಚ್ಚು. ಅದೇ ಸ್ಪೀಡಿಗೆ ಎಂಜಿನ್ ಕೂಡ ಅಷ್ಟೇ ಹೆಚ್ಚು ತಿರುಗುತ್ತೆ, ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವೇ ಇಲ್ಲ; ಸರ್ವಿಸ್ ರಸ್ತೆಯಲ್ಲಿ ಆ ಟಾಪ್ ಸ್ಪೀಡ್ ಹೇಗೂ ಉಪಯೋಗಕ್ಕೆ ಬರಲ್ಲ.