ಸ್ಪ್ಯಾಮ್‌ಅಸಾಸಿನ್: ನಂಬಿಕೆಯ ನಿಯಮ ತಲೆಕೆಳಗಾದಾಗ

ನಮ್ಮ ಸಣ್ಣ ಪ್ರಕಾಶನ ಸಂಸ್ಥೆಯ ಮೇಲ್ ಸರ್ವರ್‌ನಲ್ಲಿ ಸ್ಪ್ಯಾಮ್‌ಅಸಾಸಿನ್ ವರ್ಷಗಳಿಂದ ಕಾವಲಿಗಿದೆ. 2001ರಲ್ಲಿ ಜಸ್ಟಿನ್ ಮೇಸನ್ ಆರಂಭಿಸಿದ ಈ ಉಚಿತ ತಂತ್ರಾಂಶ ಈಗ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ. ಬಂದ ಪ್ರತಿ ಇಮೇಲ್‌ಗೂ ನಿಯಮವಾರು ಅಂಕ ಹಾಕುತ್ತದೆ. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎಂದು ಗುರುತು ಹಚ್ಚುತ್ತದೆ. ಯಾವ ನಿಯಮ ತಗುಲಿತು ಎಂಬುದು ಹೆಡರ್‌ನಲ್ಲೇ (ಇಮೇಲ್‌ನ ತಲೆಯ ತಾಂತ್ರಿಕ ಸಾಲುಗಳಲ್ಲಿ) ಇರುವುದರಿಂದ ಜಗಳಕ್ಕೆ ಆಸ್ಪದ ಕಡಿಮೆ. ಇಷ್ಟು ಪಾರದರ್ಶಕವಾದ ಸೋಸುಕ ಬೇರೊಂದನ್ನು ನಾನು ಬಳಸಿಲ್ಲ.

ಆದರೆ 'ಆಲ್ ಟ್ರಸ್ಟೆಡ್' ಎಂಬ ನಿಯಮದ ವಿಷಯದಲ್ಲಿ ಎಚ್ಚರ ಬೇಕು. ಇಮೇಲ್ ನಂಬಿಕಸ್ಥ ಯಂತ್ರಗಳ ಮೂಲಕವೇ ಬಂದಿದ್ದರೆ ಇದು 1 ಅಂಕ ಕಳೆಯುತ್ತದೆ. ಯಾವುದು ನಂಬಿಕಸ್ಥ ಎಂದು ನೀವು ಹೇಳದಿದ್ದರೆ ತಾನೇ ಊಹಿಸುತ್ತದೆ: ಕಳಿಸಿದ ಯಂತ್ರದ ವಿಳಾಸ 192.168ರಂಥ, ಒಳಜಾಲಗಳಿಗಷ್ಟೇ ಮೀಸಲಾದ ಖಾಸಗಿ ಸರಣಿಯದಾಗಿದ್ದರೆ ನಮ್ಮದೇ ಎಂದು ಒಪ್ಪಿಕೊಳ್ಳುತ್ತದೆ.

ಕಚೇರಿಗೆ ಹೊಸ ಫೈರ್‌ವಾಲ್ ಬಂದ ಮೇಲೆ ಈ ಊಹೆಯೇ ಮುಳುವಾಯಿತು. ಅದನ್ನು ಕೂರಿಸಿದವರು ಒಳಬರುವ ಸಂಪರ್ಕಗಳ ಮೂಲ ವಿಳಾಸವನ್ನೂ ಬದಲಿಸುವಂತೆ ಹೊಂದಿಸಿದ್ದರು. ಹೊರಜಗತ್ತಿನ ಎಲ್ಲ ಇಮೇಲ್‌ಗಳೂ 192.168.1.1ರಿಂದ ಬಂದಂತೆ ಕಾಣತೊಡಗಿದವು. ಸೋಂಕಿತ ಕಂಪ್ಯೂಟರೊಂದು ನೇರವಾಗಿ ನಮ್ಮ ಸರ್ವರ್‌ಗೆ ತುರುಕುವ ಸ್ಪ್ಯಾಮ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ 'ರಿಸೀವ್ಡ್' ಸಾಲು, ಅಂದರೆ ಇಮೇಲ್ ಯಾವ ಯಂತ್ರದಿಂದ ಬಂತೆಂದು ಪಡೆದ ಸರ್ವರ್ ಹೆಡರ್‌ನಲ್ಲಿ ಬರೆಯುವ ಸಾಲು. ಆ ಸಾಲಿನಲ್ಲಿ ನಮ್ಮ ಫೈರ್‌ವಾಲ್ ವಿಳಾಸ! ಹಾಗಾಗಿ ಅದಕ್ಕೆ ರಿಯಾಯಿತಿ. ಲೇಖಕರೊಬ್ಬರು ಮನೆಯ ಬ್ರಾಡ್‌ಬ್ಯಾಂಡ್‌ನಿಂದ ತಮ್ಮ ಮೇಲ್ ಸೇವೆಯ ಮೂಲಕ ಕಳಿಸಿದ ಹಸ್ತಪ್ರತಿಯಲ್ಲಿ ಕೆಳಗೆ ಇನ್ನೊಂದು ಸಾಲಿರುತ್ತದೆ. ಸ್ಪ್ಯಾಮ್‌ಅಸಾಸಿನ್ ಆ ಮನೆಯ ವಿಳಾಸವನ್ನೇ ನಮ್ಮ ಬಾಗಿಲಿಗೆ ಬಂದ ಯಂತ್ರವೆಂದು ತಿಳಿದು ಎಸ್‌ಪಿಎಫ್ (ಆ ಡೊಮೇನ್‌ನ ಪರವಾಗಿ ಇಮೇಲ್ ಕಳಿಸಲು ಯಂತ್ರಕ್ಕೆ ಅನುಮತಿಯಿದೆಯೇ ಎಂಬ ಪರೀಕ್ಷೆ) ಮತ್ತು ಸ್ಪ್ಯಾಮ್ ಕಳಿಸುವ ವಿಳಾಸಗಳ ಕಪ್ಪುಪಟ್ಟಿಗಳಲ್ಲಿ ಪರೀಕ್ಷಿಸಿತು. ಹಸ್ತಪ್ರತಿ ಸ್ಪ್ಯಾಮ್ ಕಡತಕ್ಕೆ ಬಿತ್ತು. ಕಳ್ಳನಿಗೆ ಮಣೆ, ನೆಂಟನಿಗೆ ದಂಡ.

ಇಂಥ ಹೊತ್ತಿನಲ್ಲಿ ಎಲ್ಲೆಡೆ ಸಿಗುವ ಸಲಹೆ, ಆ ನಿಯಮದ ಅಂಕವನ್ನು ಸೊನ್ನೆ ಮಾಡಿಬಿಡಿ ಎಂಬುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ಇದು. ಅಂಕ ಸೊನ್ನೆಯಾದರೂ ಎಸ್‌ಪಿಎಫ್ ಮತ್ತು ಕಪ್ಪುಪಟ್ಟಿಯ ಪರೀಕ್ಷೆಗಳು ತಪ್ಪು ವಿಳಾಸದ ಮೇಲೆಯೇ ನಡೆಯುತ್ತಿರುತ್ತವೆ. ನಿಯಮ ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೆ ಸಿಕ್ಕ ವಿಳಾಸವೇ ಸುಳ್ಳಾಗಿತ್ತು.

ತಪಾಸಣೆಗೆ ಡಿಬಗ್ ಸೌಲಭ್ಯ ಬಹಳ ಒಳ್ಳೆಯದು. ತಪ್ಪಾಗಿ ಅಂಕ ಪಡೆದ ಇಮೇಲ್ ಒಂದನ್ನು ಹಾಗೆಯೇ ಊಡಿಸಿದರೆ, ನಂಬಿಕಸ್ಥ ಮತ್ತು ಅಪರಿಚಿತ ಯಂತ್ರಗಳ ಎರಡು ಪಟ್ಟಿಗಳನ್ನು ಬಿಡಿಸಿ ತೋರಿಸುತ್ತದೆ. ಅಪರಿಚಿತರ ಪಟ್ಟಿ ಖಾಲಿಯಿದ್ದು ಇಮೇಲ್ ಮಾತ್ರ ಹೊರಗಿನದಾಗಿದ್ದರೆ ಮೊದಲು ಫೈರ್‌ವಾಲ್ ನೋಡಬೇಕು. ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಒಳಗೆ ಮೇಲ್ ಸರ್ವರ್ ಓಡಿಸುವವರಿಗೂ ಇದೇ ಗತಿ ಬರಬಹುದು. ಅಲ್ಲಿ ಕಾಣುವ ವಿಳಾಸ ಹೆಚ್ಚಾಗಿ 172.17.0.1, ಅದೂ ಖಾಸಗಿ ಸರಣಿಯದೇ.

ನಾವು ಹೊರಗಿನ ಇಮೇಲ್ ಬರುವ 25ನೇ ಪೋರ್ಟ್‌ಗೆ ಆ ವಿಳಾಸ ಬದಲಾವಣೆಯನ್ನು ತೆಗೆಸಿ, ನಮ್ಮವೇ ಆದ ಯಂತ್ರಗಳನ್ನಷ್ಟೇ 'ಟ್ರಸ್ಟೆಡ್ ನೆಟ್‌ವರ್ಕ್ಸ್' ಮತ್ತು 'ಇಂಟರ್ನಲ್ ನೆಟ್‌ವರ್ಕ್ಸ್' ಸಾಲುಗಳಲ್ಲಿ ಬರೆದೆವು. ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಯ ಇಮೇಲ್ ಆಮೇಲೂ ಸಿಕ್ಕಿಬೀಳುತ್ತಿತ್ತು. ಅವರು ಲಾಗಿನ್ ಆದ ಗುರುತನ್ನು ನಮ್ಮ ಮೇಲ್ ಸರ್ವರ್ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ತಾನಾಗಿ ಹೆಡರ್‌ನಲ್ಲಿ ಬರೆಯುವುದಿಲ್ಲ, ಹಾಗಾಗಿ ಅವರು ನಮ್ಮವರೆಂದು ಸ್ಪ್ಯಾಮ್‌ಅಸಾಸಿನ್‌ಗೆ ತಿಳಿಯುತ್ತಿರಲಿಲ್ಲ. ಆ ಆಯ್ಕೆಯನ್ನು ಚಾಲೂ ಮಾಡಿದ ಮೇಲೆ ಸರಿಹೋಯಿತು.

ನಿಜವಾದ ಕಷ್ಟ ಕೊಟ್ಟದ್ದು ಬೇಸ್ (Bayes) ಕಲಿಕೆ, ಅಂದರೆ ಹಳೆಯ ಇಮೇಲ್‌ಗಳ ಪದಗಳಿಂದ ಸ್ಪ್ಯಾಮ್ ಸಾಧ್ಯತೆಯನ್ನು ಲೆಕ್ಕಹಾಕುವ ಭಾಗ. 0.1ಕ್ಕಿಂತ ಕಡಿಮೆ ಅಂಕದ ಇಮೇಲನ್ನು ಅದು ತಾನಾಗಿಯೇ 'ಒಳ್ಳೆಯದು' ಎಂದು ಕಲಿಯಬಲ್ಲದು. ರಿಯಾಯಿತಿ ಪಡೆದ ಸ್ಪ್ಯಾಮ್ ಹಾಗೆ ಸೇರಿಕೊಂಡು ಇಡೀ ದತ್ತಾಂಶ ಕೆಟ್ಟಿತ್ತು. ಅಳಿಸಿ ಮೊದಲಿನಿಂದ ಕಲಿಸಬೇಕಾಯಿತು. ಎರಡೂ ಬಗೆಯ ಇಮೇಲ್ ತಲಾ 200 ಆಗುವವರೆಗೆ ಬೇಸ್ ಬಾಯಿ ಬಿಡುವುದಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಹೊರಗಿನ ಯಂತ್ರವೊಂದೂ ಕಾಣದೆ ದಿನಗಟ್ಟಲೆ ಕಳೆದರೂ ಒಂದು ಎಚ್ಚರಿಕೆ ಕೊಡದ ಮೌನಕ್ಕಾಗಿ ಉಳಿದ ಒಂದನ್ನು ಹಿಡಿದಿದ್ದೇನೆ.