ಓಲ್ಡ್ ಫ್ರೆಂಡ್ಸ್, ಜಾರ್ಜ್‌ಟೌನ್: ವಾರ್ ಎಂಬ್ಲಮ್‌ನಂಥ ಸಿಡುಕನಿಗೂ ಸಿಕ್ಕ ಹುಲ್ಲುಗಾವಲು

ಕೆಂಟಕಿಯ ಲೆಕ್ಸಿಂಗ್ಟನ್ ಕಡೆ ಹೋಗುವವರು ಓಲ್ಡ್ ಫ್ರೆಂಡ್ಸ್ ನೋಡಲು ಅರ್ಧ ದಿನ ಎತ್ತಿಡಬಹುದು. ಸವಾರಿ ಮಾತ್ರ ಕೇಳಬೇಡಿ. ರೇಸೂ ಮುಗಿದು, ಸ್ಟಡ್ ಫಾರ್ಮಿನಲ್ಲಿ ಮರಿ ಹುಟ್ಟಿಸುವ ಕೆಲಸವೂ ಮುಗಿದ ಥರೋಬ್ರೆಡ್ (ರೇಸಿನ ತಳಿಯ) ಕುದುರೆಗಳು ಸುಮ್ಮನೆ ಮೇಯುವ ಜಾಗ ಇದು. ಬಾಸ್ಟನ್ ಗ್ಲೋಬ್ ಪತ್ರಿಕೆಯ ಸಿನಿಮಾ ವಿಮರ್ಶಕರಾಗಿದ್ದ ಮೈಕೆಲ್ ಬ್ಲೋವೆನ್ ಇದನ್ನು 2003ರಲ್ಲಿ ಶುರುಮಾಡಿದರು. 1986ರ ಕೆಂಟಕಿ ಡರ್ಬಿ ರೇಸು ಗೆದ್ದಿದ್ದ ಫರ್ಡಿನಾಂಡ್ ಜಪಾನಿನಲ್ಲಿ ಕಸಾಯಿಖಾನೆ ಪಾಲಾದ ಸುದ್ದಿ ಹೊರಬಿದ್ದದ್ದೂ ಅದೇ ವರ್ಷ.

ಹಾಗಾಗಿ ಜಪಾನಿನಿಂದ ಮರಳಿದ ಕುದುರೆಗಳಿಗೆ ಇಲ್ಲಿ ವಿಶೇಷ ಸ್ಥಾನ. ಅವುಗಳಲ್ಲಿ ಮರೆಯಲಾಗದ್ದು ವಾರ್ ಎಂಬ್ಲಮ್. 2002ರಲ್ಲಿ ಕೆಂಟಕಿ ಡರ್ಬಿಯನ್ನೂ ಪ್ರೀಕ್‌ನೆಸ್ಸನ್ನೂ ಗೆದ್ದು, ಮೂರನೆಯ ರೇಸಾದ ಬೆಲ್ಮಾಂಟ್‌ನಲ್ಲಿ ಗೇಟು ದಾಟುತ್ತಲೇ ಮುಗ್ಗರಿಸಿ, ಮೂರನ್ನೂ ಗೆದ್ದರೆ ಸಿಗುವ ತ್ರಿವಳಿ ಕಿರೀಟ ಕಳೆದುಕೊಂಡ ಕುದುರೆ. ಮರಿ ಹುಟ್ಟಿಸಲೆಂದು ಜಪಾನಿನವರು ಭಾರೀ ಬೆಲೆಗೆ ಕೊಂಡರು. ಇದು ಹೆಚ್ಚಿನ ಹೆಣ್ಣುಕುದುರೆಗಳತ್ತ ತಲೆ ಎತ್ತಿಯೂ ನೋಡಲೊಲ್ಲದು. 2015ರಲ್ಲಿ ಅಮೆರಿಕಕ್ಕೆ ಬಂದಾಗಲೂ ಅದೇ ಹಟ. ಹೊರದೇಶದಿಂದ ಬಂದ ಬೀಜದ ಕುದುರೆಗೆ ಸಿಇಎಂ ಎಂಬ, ಕೂಡುವಿಕೆಯಿಂದ ಹರಡುವ ಸೋಂಕಿಲ್ಲವೆಂದು ಖಚಿತವಾಗಬೇಕಾದರೆ, ಕ್ವಾರಂಟೈನಿನಲ್ಲಿ ಹೆಣ್ಣುಕುದುರೆಗಳ ಜೊತೆ ಕೂಡಿಸಿ ಪರೀಕ್ಷೆ ಮಾಡಬೇಕು. ಇದು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ಬೀಜ ಒಡೆಸಿಯೇ ಬಿಡಿಸಿಕೊಂಡು ಬರಬೇಕಾಯಿತು. 2020ರ ಮಾರ್ಚ್‌ನಲ್ಲಿ, 21ನೇ ವಯಸ್ಸಿನಲ್ಲಿ ಸಾಯುವವರೆಗೆ ಇಲ್ಲೇ ಮೇಯ್ದುಕೊಂಡಿತ್ತು. ಯಾರಿಗೂ ಏನನ್ನೂ ಸಾಬೀತು ಮಾಡಬೇಕಿರಲಿಲ್ಲ.

ನಮ್ಮ ದೃಷ್ಟಿಯಲ್ಲಿ ಈ ಜಾಗದ ಹೆಚ್ಚುಗಾರಿಕೆ ಇರುವುದು ಬೀಜದ ಕುದುರೆಗಳನ್ನೂ ಸೇರಿಸಿಕೊಳ್ಳುವುದರಲ್ಲಿ. ಹೆಚ್ಚಿನ ಆಶ್ರಯತಾಣಗಳು ಅವನ್ನು ಬೇಡವೆನ್ನುತ್ತವೆ. ಕಾರಣ ಖರ್ಚು: ಒಂದೊಂದಕ್ಕೂ ಪ್ರತ್ಯೇಕ ಆವರಣ ಬೇಕು, ಪಕ್ಕದ ಕುದುರೆಯನ್ನು ಬೇಲಿಯ ಮೇಲಿಂದ ಕಚ್ಚದಂತೆ ಎರಡು ಬೇಲಿಗಳ ನಡುವೆ ಅಂತರವೂ ಬೇಕು.

ಇಂಥ ಯಾವುದೇ ಫಾರ್ಮನ್ನು ಅಳೆಯಬೇಕಾದರೆ ಕಟ್ಟಡ ನೋಡಬೇಡಿ, ಕುದುರೆಯ ಪಕ್ಕೆ ಮತ್ತು ಗೊರಸು ನೋಡಿ. ಟ್ರ್ಯಾಕಿನಿಂದ ಬಂದ ಕುದುರೆಯನ್ನು ಮರುದಿನವೇ ಹುಲ್ಲುಗಾವಲಿಗೆ ಅಟ್ಟಿದರೆ ಅದು ಮೇಯದೆ ಬೇಲಿಯುದ್ದಕ್ಕೂ ಓಡಿ ಕಾಲಿಗೆ ಪೆಟ್ಟು ಮಾಡಿಕೊಳ್ಳಬಹುದು. ಧಾನ್ಯವನ್ನು ಎರಡು-ಮೂರು ವಾರಗಳಲ್ಲಿ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಬರಬಹುದು. ಒಣಹುಲ್ಲು ದೇಹತೂಕದ ಶೇ. 1.5ರಿಂದ 2ರಷ್ಟು, ಅಂದರೆ 500 ಕಿಲೋ ಕುದುರೆಗೆ ದಿನಕ್ಕೆ 7.5ರಿಂದ 10 ಕಿಲೋ. ವಸಂತದ ಎಳೆಹುಲ್ಲಿನಲ್ಲಿ ಸಕ್ಕರೆ ಜಾಸ್ತಿ. ಅರ್ಧ ಗಂಟೆಯ ಮೇವಿನಿಂದ ಶುರುಮಾಡದಿದ್ದರೆ ಗೊರಸಿನೊಳಗೆ ಉರಿಯೂತವಾಗಿ ಕುದುರೆ ಹೆಜ್ಜೆ ಎತ್ತಲಾರದಂತಾಗಬಹುದು. ಲಾಳ ತೆಗೆದ ಮೇಲೂ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಮುದಿ ಕುದುರೆಯ ಕಾಲಬುಡದಲ್ಲಿ ಅರೆಬರೆ ಅಗಿದ ಹುಲ್ಲಿನ ಉಂಡೆಗಳು ಬಿದ್ದಿದ್ದರೆ ಸಾಮಾನ್ಯವಾಗಿ ಹಲ್ಲು ಕೆಟ್ಟಿದೆ ಎಂದು ಅರ್ಥ; ಅದಕ್ಕೆ ನೆನೆಸಿದ ಮೆತ್ತನೆಯ ಆಹಾರವೇ ಗತಿ.

ಕ್ಯಾರೆಟ್ ತಿನ್ನಿಸುವುದು ಟೂರಿನ ಮುಖ್ಯ ಆಕರ್ಷಣೆ. ಗೈಡ್ ಹೇಳಿದ ಕುದುರೆಗೆ, ಅವರು ಕೊಟ್ಟದ್ದನ್ನಷ್ಟೇ, ಅಂಗೈ ಚಪ್ಪಟೆಯಾಗಿಟ್ಟು ಕೊಡಿ. ಬೇರೆಲ್ಲಾದರೂ ನೀವೇ ಕತ್ತರಿಸುವುದಿದ್ದರೆ ಉದ್ದುದ್ದ ಸೀಳಿ; ಬಿಲ್ಲೆಯಂಥ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇದ್ದರೆ ಅಂಗಿ ಹರಿಯುವ ಸಾಧ್ಯತೆಯೂ ಇದೆ!

ಕೊರತೆಗಳೂ ಇವೆ. ನೆರಳು ಕಡಿಮೆ, ಮಧ್ಯಾಹ್ನದ ಬಿಸಿಲಿಗೆ ಮಕ್ಕಳು ಬೇಗ ಸೋಲುತ್ತಾರೆ. ನಿಮ್ಮ ಮೆಚ್ಚಿನ ಚಾಂಪಿಯನ್ ಹುಲ್ಲುಗಾವಲಿನ ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತರೆ ಯಾರೂ ಎಳೆದು ತರುವುದಿಲ್ಲ. ಅದು ಸರಿಯಾದ ನಿಯಮವೇ, ಆದರೆ ಫೋಟೊಗಾಗಿ ದೂರದಿಂದ ಬಂದವರಿಗೆ ನಿರಾಸೆ. ಟೂರ್ ಮುಂಗಡ ಬುಕ್ ಮಾಡಿಕೊಂಡೇ ಹೊರಡಿ, ಸಾಧ್ಯವಾದರೆ ಬೆಳಗಿನದು. ಮಳೆ ಬಂದ ಮರುದಿನವಾದರೆ ಬೂಟು ಹಾಕಿಕೊಳ್ಳಿ. ಸಂಸ್ಥೆ ನಡೆಯುವುದು ದೇಣಿಗೆಯಿಂದ, ಹಾಗಾಗಿ ಟಿಕೆಟ್ ದುಬಾರಿ ಅನ್ನಿಸಿದರೆ ಒಂದು ಕುದುರೆಯ ತಿಂಗಳ ಹುಲ್ಲಿನ ಲೆಕ್ಕ ಹಾಕಿ ನೋಡಿ.