ಬಯಲುಸೀಮೆ ಬಿಸಿಲಿಗೆ ಯಾವ ಎರೆಹುಳು: ಯೂಡ್ರಿಲಸ್ಸೋ, ಐಸೀನಿಯಾನೋ?

ಚಿತ್ರದುರ್ಗ, ಹಿರಿಯೂರು ಕಡೆ ಎರೆಗೊಬ್ಬರದ ತೊಟ್ಟಿ ಕಟ್ಟಿಸುವವರು ಹುಳು ತರುವ ಮುಂಚೆ ಏಪ್ರಿಲ್ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡೂ ಜಾತಿ 25 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ತಿನ್ನುತ್ತವೆ, ಚೆನ್ನಾಗಿ ಮರಿ ಮಾಡುತ್ತವೆ.

ಯೂಡ್ರಿಲಸ್ ಆಫ್ರಿಕಾ ಮೂಲದ್ದು. ಗಾತ್ರ ದೊಡ್ಡದು, ಬೆಳವಣಿಗೆ ಬೇಗ. ಬೆಚ್ಚಗಿದ್ದಾಗ ಅದು ಗೊಬ್ಬರ ಮಾಡುವ ವೇಗ ನೋಡುವುದೇ ಖುಷಿ. ಚಳಿಗೆ ಮಾತ್ರ ಮಂಕಾಗುತ್ತದೆ. ಐಸೀನಿಯಾ ಸಣ್ಣ ಕೆಂಪು ಹುಳು. ಚಳಿಗೆ ಜಗ್ಗುವುದಿಲ್ಲ, ಹಗಲು ರಾತ್ರಿಯ ಏರಿಳಿತವನ್ನೂ ತಡೆದುಕೊಳ್ಳುತ್ತದೆ.

ತೊಟ್ಟಿಯೊಳಗೆ 35 ಡಿಗ್ರಿ ದಾಟಿದರೆ ಎರಡಕ್ಕೂ ಅಪಾಯ. ಹುಳು ಉಸಿರಾಡುವುದು ತೇವದ ಚರ್ಮದಿಂದ. ಅದು ಒಣಗಿದರೆ ಉಸಿರೇ ನಿಂತಂತೆ. ಮಧ್ಯಾಹ್ನ ಗೋಣಿಚೀಲ ಎತ್ತಿ ನೋಡಿ. ಮೇಲೆ ಒಂದೂ ಕಾಣದೆ, ತಳದ ಹಸಿ ಮೂಲೆಯಲ್ಲಿ ಗಂಟುಗಂಟಾಗಿ ಸೇರಿಕೊಂಡಿದ್ದರೆ ಕಾವು ತಟ್ಟಿದೆ ಎಂದೇ ಅರ್ಥ. ತಕ್ಷಣ ನೀರು ಚಿಮುಕಿಸಿ. ಹಸಿ ಸಗಣಿಯನ್ನಂತೂ ರಾಶಿ ಸುರಿಯಲೇಬೇಡಿ. ಕೊಳೆಯುವಾಗ ಅದರೊಳಗೇ 50 ಡಿಗ್ರಿ ಮೀರಿದ ಕಾವು ಏಳಬಹುದು.

ಚನ್ನಗಿರಿ ಕಡೆಯ ಅಡಿಕೆ ತೋಟದ ನೆರಳಿದ್ದರೆ ಯೂಡ್ರಿಲಸ್ ತನ್ನಿ. ಬಯಲಲ್ಲಿ ಚಪ್ಪರದಡಿ ತೊಟ್ಟಿ ಇದ್ದರೆ ನನ್ನ ಮತ ಐಸೀನಿಯಾಕ್ಕೆ. ಬರೀ ತಗಡಿನ ಶೀಟಿನ ಕೆಳಗೆ ಎರಡೂ ಬೇಡ, ಮೊದಲು ತೆಂಗಿನ ಸೋಗೆ ಹೊದಿಸಿ.